ಶೇಡಿ ಮಣ್ಣಿನ ಸುರಂಗಕ್ಕೆ ಪಿಯು ಫೋಮ್: ನೀರಿಗೆ ಐದು ಸ್ಟಾರ್, ಮಣ್ಣಿಗೆ ಒಂದು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ನೀರು ನಿಲ್ಲಿಸುವುದಕ್ಕೆ ಐದು, ಮಣ್ಣು ಗಟ್ಟಿ ಮಾಡುವುದಕ್ಕೆ ಒಂದು, ಎರಡನ್ನೂ ಕೂಡಿಸಿ ಭಾಗಿಸಿದರೆ ಮೂರು. ಮಾರುವವರು ಮಾತ್ರ ಎರಡೂ ಕೆಲಸಕ್ಕೆ ಅದೇ ಡ್ರಮ್ ತೋರಿಸುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ.

ನಾನು ಹೇಳುತ್ತಿರುವುದು ಸುರಂಗದ ಕೆಲಸದಲ್ಲಿ ಬಳಸುವ ಎರಡು ಭಾಗದ ಪಾಲಿಯುರಿಥೇನ್ ಫೋಮ್ ಬಗ್ಗೆ. ಸೈಟಿನಲ್ಲಿ ಎಲ್ಲರೂ ಪಿಯು ಅನ್ನುತ್ತಾರೆ. ಬ್ರಾಂಡ್ ಹೆಸರು ಬರೆಯುವುದಿಲ್ಲ, ಯಾಕೆಂದರೆ ನಾನು ನೋಡಿದ ಬ್ರಾಂಡುಗಳಲ್ಲಿ ಒಳಗಿನ ರಸಾಯನ ಹೆಚ್ಚುಕಡಿಮೆ ಒಂದೇ. ಡ್ರಮ್ಮಿನ ಬಣ್ಣ ಬೇರೆ, ಮಾತಾಡುವ ಸೇಲ್ಸ್ ಹುಡುಗ ಬೇರೆ, ಅಷ್ಟೇ. ಜೊತೆಗೆ ಇದನ್ನು ಹಾಕಿಕೊಡುವ ಬಾಡಿಗೆ ತಂಡ, ಮತ್ತೆ ಇದರ ಜೊತೆ ಬೇಕಾಗುವ ಪೈಪು, ಸಿಮೆಂಟು ಇವುಗಳ ಬಗ್ಗೆಯೂ ಬರೆಯುತ್ತೇನೆ. ಕರಾವಳಿ ಕಡೆಯ ಒಂದು ಸುರಂಗದಲ್ಲಿ ಶಿಫ್ಟ್ ಎಂಜಿನಿಯರ್ ಆಗಿ ಕೆಲಸ ಮಾಡಿದವನು ನಾನು. ಯಾವ ಊರು, ಯಾವ ಪ್ರಾಜೆಕ್ಟ್ ಅಂತ ಕೇಳಬೇಡಿ.

ಮಣ್ಣಿನ ವಿಷಯ ಹೇಳದೆ ಈ ರಿವ್ಯೂಗೆ ಅರ್ಥವೇ ಇಲ್ಲ. ಮಂಗಳೂರು, ಉಡುಪಿ ಕಡೆಯವರಿಗೆ ಶೇಡಿ ಮಣ್ಣು ಗೊತ್ತಿರುತ್ತದೆ. ಮೇಲೆ ಮುರಕಲ್ಲು (ಲ್ಯಾಟರೈಟ್), ಅದನ್ನು ಕಡಿದು ಮನೆ ಕಟ್ಟುತ್ತೇವೆ. ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣದ ನುಣುಪು ಮಣ್ಣಿನ ಪದರ ಇರುತ್ತದೆ, ಅದೇ ಶೇಡಿ. ಓದಿದವರು ಲಿಥೋಮಾರ್ಜ್ ಅನ್ನುತ್ತಾರೆ. ಸುರತ್ಕಲ್‌ನ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನವರು ಇದರ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದ್ದಾರೆ. ಒಣಗಿದ್ದಾಗ ಇದರಷ್ಟು ಒಳ್ಳೆಯ ಮಣ್ಣು ಇನ್ನೊಂದಿಲ್ಲ, ಕಡಿದರೆ ಗೋಡೆ ನೆಟ್ಟಗೆ ನಿಲ್ಲುತ್ತದೆ, ಹೊಸಬರು ನೋಡಿ ಖುಷಿಪಡುತ್ತಾರೆ. ನೀರು ಮುಟ್ಟಿತೋ, ಕಥೆ ಮುಗಿಯಿತು.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ಫೇಸ್‌ನಿಂದ (ಅಂದರೆ ಸುರಂಗ ಕಡಿಯುತ್ತಾ ಹೋಗುವ ಎದುರಿನ ಗೋಡೆಯಿಂದ) ನಿಂಬೆಹಣ್ಣಿನ ಗಾತ್ರದ ಒಂದು ಒಣ ಉಂಡೆ ಕಿತ್ತು ತನ್ನಿ. ಗಾಜಿನ ಲೋಟದಲ್ಲಿ ನೀರು ತುಂಬಿ ಒಳಗೆ ಬಿಡಿ. ಮೊದಲು ಸಣ್ಣ ಗುಳ್ಳೆ ಏಳುತ್ತವೆ. ಆಮೇಲೆ ಉಂಡೆಯ ಅಂಚು ಉದುರುತ್ತದೆ, ನಡುವೆ ಸೀಳುತ್ತದೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಲೋಟದ ತಳದಲ್ಲಿ ಬರೀ ಕೆಸರು. ಯಾರೂ ಅಲ್ಲಾಡಿಸಿಲ್ಲ, ಒತ್ತಿಲ್ಲ. ಸುಮ್ನೆ ನೀರಲ್ಲಿ ಇಟ್ಟದ್ದು. ಸುರಂಗದ ಮೇಲ್ಛಾವಣಿಯಲ್ಲಿ ಇದೇ ನಡೆಯುವುದು, ಉಂಡೆಯ ಜಾಗದಲ್ಲಿ ಗುಡ್ಡ ಇರುತ್ತದೆ ಅನ್ನುವುದೊಂದೇ ವ್ಯತ್ಯಾಸ.

ಕೊಂಕಣ ರೈಲ್ವೆಯವರಿಗೆ ಈ ತರಹದ ಮಣ್ಣು ಕೊಟ್ಟ ಕಾಟ ಎಲ್ಲರಿಗೂ ಗೊತ್ತು. ಗಟ್ಟಿ ಬಂಡೆಯಲ್ಲಿ ಆರೂವರೆ ಕಿಲೋಮೀಟರ್ ಕರಬುಡೆ ಸುರಂಗ ಕೊರೆದವರನ್ನು ಗೋವಾದ ಪೆರ್ನೆಂ ಸುರಂಗ ಕೊನೆಯವರೆಗೂ ಆಟ ಆಡಿಸಿತು. ಅದರ ಉದ್ದ ಎರಡು ಕಿಲೋಮೀಟರ್ ಕೂಡ ಇಲ್ಲ. ಇಡೀ ಮಾರ್ಗ 1998ರ ಜನವರಿ 26ಕ್ಕೆ ಶುರುವಾಯಿತು. ಹಾಗಂತ ಅಲ್ಲಿಗೆ ಮುಗಿಯಲಿಲ್ಲ. 2020ರ ಆಗಸ್ಟಿನಲ್ಲಿ ಅದೇ ಸುರಂಗದ ಗೋಡೆ ಕುಸಿಯಿತು, 2024ರ ಜುಲೈಯಲ್ಲಿ ಅದೇ ಕಡೆ ಸುರಂಗದೊಳಗೆ ನೀರು, ಕೆಸರು ನುಗ್ಗಿ ರೈಲು ನಿಲ್ಲಿಸಬೇಕಾಯಿತು. ಎರಡೂ ಮಳೆಗಾಲದಲ್ಲೇ, ಗಮನಿಸಿ. ನಮ್ಮ ಪಡೀಲ್-ಕುಲಶೇಖರದ ನಡುವೆ 2019ರ ಆಗಸ್ಟಿನಲ್ಲಿ ಹಳಿ ಮೇಲೆ ಗುಡ್ಡ ಜಾರಿದ್ದು ನೆನಪಿರಬೇಕು. ಅದು ಸುರಂಗವಲ್ಲ ನಿಜ, ಆದರೆ ಮಳೆ ಅದೇ ಮಳೆ.

ಈಗ ವಸ್ತುವಿಗೆ ಬರೋಣ.

ಎರಡು ಡ್ರಮ್ ಬರುತ್ತವೆ. ಎ ಅಂದರೆ ತಿಳಿ ಬಣ್ಣದ ದ್ರವ. ಬಿ ಅಂದರೆ ಕಡು ಕಂದು ಬಣ್ಣದ್ದು, ಅದರಲ್ಲಿ ಐಸೊಸಯನೇಟ್ ಇರುತ್ತದೆ. ಎರಡು ಪಿಸ್ಟನ್ನಿನ ಪಂಪು ಎರಡನ್ನೂ ಸಮಸಮ ಎಳೆದು ಬೇರೆ ಬೇರೆ ಹೋಸ್‌ನಲ್ಲಿ ಕಳಿಸುತ್ತದೆ. ರಂಧ್ರದ ಬಾಯಲ್ಲಿ ಒಂದು ಮಿಕ್ಸರ್ ನಳಿಕೆ ಇರುತ್ತದೆ, ಒಳಗೆ ತಿರುಚಿದ ಪ್ಲಾಸ್ಟಿಕ್ ಎಲೆಗಳು. ಅಲ್ಲಿ ಎರಡೂ ಸೇರಿ, ರಂಧ್ರದ ಬಾಯಿ ಬಿಗಿಯುವ ಪ್ಯಾಕರ್ ದಾಟಿ ಮಣ್ಣೊಳಗೆ ಹೋಗುತ್ತವೆ. ನೀರು ಸಿಕ್ಕಿದರೆ ನೊರೆ ಬಂದು ಉಬ್ಬುತ್ತದೆ, ಸಿಗದಿದ್ದರೆ ಹೆಚ್ಚು ಉಬ್ಬದೆ ಗಟ್ಟಿಯಾಗುತ್ತದೆ. ಕೆಲವೇ ನಿಮಿಷದ ಆಟ. ಕಾಗದದ ಕಪ್ಪಿನಲ್ಲಿ ಎರಡನ್ನೂ ಸ್ವಲ್ಪ ಸ್ವಲ್ಪ ಹಾಕಿ, ಎರಡು ಹನಿ ನೀರು ಬಿಟ್ಟು ಕಲಸಿ ನೋಡಿ. ಮೊದಲು ಏನೂ ಆಗುವುದಿಲ್ಲ, ಇದೇನು ಮೋಸ ಅನ್ನಿಸುತ್ತದೆ. ಆಮೇಲೆ ಕಪ್ಪು ಬೆಚ್ಚಗಾಗುತ್ತದೆ, ಹುಳಿ ಬಂದ ಇಡ್ಲಿ ಹಿಟ್ಟಿನ ಹಾಗೆ ಅಂಚು ದಾಟಿ ಮೇಲೇಳುತ್ತದೆ. ಬೆರಳಿಂದ ಒತ್ತಿ ನೋಡುವಷ್ಟರಲ್ಲಿ ಕಲ್ಲು. ಪ್ರತಿ ಶಿಫ್ಟಿನಲ್ಲೂ ಈ ಕಪ್ ಟೆಸ್ಟ್ ಮಾಡಲೇಬೇಕು. ಉಬ್ಬದೆ ಅಂಟು ಅಂಟಾಗಿ ಉಳಿದರೆ ಪಂಪಿನ ಅಳತೆ ತಪ್ಪಿದೆ, ಇಲ್ಲಾ ಡ್ರಮ್ಮಿಗೆ ತೇವ ಹೋಗಿದೆ ಅಂತ ಅರ್ಥ.

ಐದು ಸ್ಟಾರ್ ಕೊಟ್ಟದ್ದು ಯಾಕೆ ಅಂದರೆ, ನೀರು ಹರಿಯುತ್ತಿರುವ ಜಾಗದಲ್ಲಿ ಇದಕ್ಕೆ ಸಾಟಿ ಇಲ್ಲ. ನಮ್ಮ ಫೇಸ್‌ನ ಎಡ ಮೇಲ್ಭಾಗದಲ್ಲಿ ಒಂದು ಕಡೆ ಮೊದಲು ತೇವ ಕಾಣಿಸಿತು. ಆಮೇಲೆ ಹನಿ, ಆಮೇಲೆ ಬೆರಳು ದಪ್ಪದ ಧಾರೆ. ನೀರು ತಿಳಿಯಾಗಿದ್ದರೆ ನನಗೆ ಅಷ್ಟು ಹೆದರಿಕೆ ಆಗುವುದಿಲ್ಲ. ಇದು ಹಾಲಿನ ಬಣ್ಣಕ್ಕೆ ತಿರುಗಿತು. ಅಂದರೆ ನೀರು ಮಣ್ಣನ್ನು ಹೊತ್ತು ತರುತ್ತಿದೆ, ಮೇಲೆ ಎಲ್ಲೋ ಖಾಲಿ ಜಾಗ ಬೆಳೆಯುತ್ತಿದೆ ಅಂತ. ಸಿಮೆಂಟ್ ಹಾಲು ಹಾಕಿದರೆ ಹರಿಯುವ ನೀರಲ್ಲಿ ತೊಳೆದುಕೊಂಡು ನಮ್ಮ ಬೂಟಿನ ಮೇಲೇ ಬಂದು ಬೀಳುತ್ತದೆ. ಶಾಟ್‌ಕ್ರೀಟ್ (ಒತ್ತಡದಲ್ಲಿ ಎರಚುವ ಕಾಂಕ್ರೀಟ್) ಹೊಡೆದರೆ ಹಿಂದಿನಿಂದ ನೀರು ತಳ್ಳಿ ಹಪ್ಪಳೆ ಎದ್ದು ಬೀಳುತ್ತದೆ. ಆಗ ಪಿಯು ಹಾಕಿದೆವು. ಬಿಳಿ ಧಾರೆ ಸಣ್ಣಗಾಯಿತು, ಪಕ್ಕದ ಬಿರುಕಿನಿಂದ ಹಳದಿ ನೊರೆ ಇಣುಕಿತು, ಧಾರೆ ನಿಂತಿತು. ಆ ಹೊತ್ತಿನಲ್ಲಿ ಅಲ್ಲಿದ್ದವರಿಗೆ ಕಿಲೋಗೆ ಎಷ್ಟು ರೂಪಾಯಿ ಅನ್ನುವ ಲೆಕ್ಕ ತಲೆಗೆ ಬರುವುದಿಲ್ಲ. ಬರಲೂ ಬಾರದು.

ಬಿಲ್ ಬಂದಾಗ ಬರುತ್ತದೆ, ಅದು ಬೇರೆ ಮಾತು. ಸಿಮೆಂಟು ಮೂಟೆ ಲೆಕ್ಕದಲ್ಲಿ ಬರುತ್ತದೆ, ಇದು ಕಿಲೋಗೆ ನೂರಾರು ರೂಪಾಯಿ. ಅದಕ್ಕೇ ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಅನ್ನುವುದು ತಿಳಿದಿರಬೇಕು.

ಸೇಲ್ಸ್‌ನವರು ತೋರಿಸುವ ವೀಡಿಯೊದಲ್ಲಿ ಏನಿರುತ್ತದೆ? ಒಂದು ಪಾರದರ್ಶಕ ಡಬ್ಬಿಯಲ್ಲಿ ಮರಳು ಅಥವಾ ಜಲ್ಲಿ ತುಂಬಿರುತ್ತಾರೆ. ಪಿಯು ಬಿಟ್ಟ ಮೇಲೆ ಅದು ಇಡೀ ಒಂದು ಗಟ್ಟಿ ಇಟ್ಟಿಗೆಯಾಗಿ ಹೊರಬರುತ್ತದೆ, ಸುತ್ತಿಗೆಯಲ್ಲಿ ಹೊಡೆದರೂ ಒಡೆಯುವುದಿಲ್ಲ. ಸುಳ್ಳಲ್ಲ. ಮರಳಲ್ಲಿ ಹಾಗೇ ಆಗುತ್ತದೆ. ಆದರೆ ಶೇಡಿ ಮರಳಲ್ಲ ಸ್ವಾಮಿ. ಕಾಳು ಕಾಳಿನ ನಡುವೆ ದಾರಿಯೇ ಇಲ್ಲ. ಒತ್ತಡ ಜಾಸ್ತಿ ಮಾಡಿದಾಗ ಪಿಯು ಮಣ್ಣನ್ನು ಸೀಳಿಕೊಂಡು ತೆಳ್ಳಗಿನ ಹಾಳೆಯಾಗಿ ಹೋಗುತ್ತದೆ. ನಾವು ಮರುದಿನ ಕಡಿಯುವಾಗ ಕಂಡದ್ದು ಅದೇ: ಬಿಳಿ ಮಣ್ಣಿನ ನಡುವೆ ಅಡ್ಡಾದಿಡ್ಡಿ ಹಳದಿ ಗೆರೆ, ಕೆಲವು ಕಡೆ ಬೆರಳು ದಪ್ಪ, ಕೆಲವು ಕಡೆ ಉಗುರಿನಷ್ಟು. ಗೆರೆಯ ಎರಡೂ ಕಡೆ ಮಣ್ಣು ಮೊದಲು ಹೇಗಿತ್ತೋ ಹಾಗೇ. ಕೈಯಲ್ಲಿ ಹಿಡಿದು ನೀರು ಹಾಕಿದರೆ ಅದೇ ಕೆಸರು. ಇದನ್ನು ಗಟ್ಟಿ ಮಾಡಿದ್ದು ಅನ್ನುವುದು ಹೇಗೆ? ಹಾಳೆ ನುಗ್ಗಿದಾಗ ಅಕ್ಕಪಕ್ಕದ ಮಣ್ಣು ಸ್ವಲ್ಪ ಒತ್ತಿಕೊಳ್ಳುತ್ತದೆ, ನೀರಿನ ದಾರಿ ಮುಚ್ಚುತ್ತದೆ, ಅಷ್ಟು ಲಾಭ ಇದೆ. ಅಷ್ಟಕ್ಕೇ ಒಂದು ಸ್ಟಾರ್.

ಹಾಗಾದರೆ ಸಣ್ಣ ಕಾಳಿನ ಸಿಮೆಂಟ್ ಹಾಕಬಹುದಲ್ವಾ ಅಂತ ಕೇಳುತ್ತೀರಿ, ನಮ್ಮ ಕ್ಲೈಂಟ್ ಕಡೆಯವರೂ ಕೇಳಿದರು. ಮೈಕ್ರೋಫೈನ್ ಸಿಮೆಂಟ್ ನಿಜವಾಗಿಯೂ ಒಳ್ಳೆಯ ಮಾಲು. ಕಾಳು ಬಹುತೇಕ 20 ಮೈಕ್ರಾನಿಗಿಂತ ಕಡಿಮೆ, ಮಾಮೂಲಿ ಸಿಮೆಂಟಿನಲ್ಲಿ 90 ಮೈಕ್ರಾನ್ ತನಕ ಇರುತ್ತದೆ. ಬಂಡೆಯ ಸಣ್ಣ ಬಿರುಕಿಗೆ, ದಪ್ಪ ಮರಳಿಗೆ ಕಣ್ಣು ಮುಚ್ಚಿ ಹಾಕಿ. ಆದರೆ ಗ್ರೌಟಿಂಗ್ (ಮಣ್ಣು, ಬಂಡೆಯೊಳಗೆ ಗಟ್ಟಿಯಾಗುವ ದ್ರವ ತುಂಬಿಸುವ ಕೆಲಸ, ಆ ದ್ರವವೇ ಗ್ರೌಟ್) ಕಲಿತವರಿಗೆ ಒಂದು ಹಳೇ ಲೆಕ್ಕ ಗೊತ್ತಿರುತ್ತದೆ. ಮಣ್ಣಿನ ಸಣ್ಣ ಕಾಳುಗಳು ಗ್ರೌಟಿನ ದಪ್ಪ ಕಾಳುಗಳಿಗಿಂತ ಸುಮಾರು 24 ಪಟ್ಟು ದೊಡ್ಡದಿದ್ದರೆ ಮಾತ್ರ ಗ್ರೌಟ್ ಸಲೀಸಾಗಿ ಒಳಗೆ ಹೋಗುತ್ತದೆ. 11 ಪಟ್ಟಿಗಿಂತ ಕಡಿಮೆ ಇದ್ದರೆ ಹೋಗುವುದೇ ಇಲ್ಲ. ಶೇಡಿಯಂಥ ಹೂಳು ಮಣ್ಣಿನ ಕಾಳು 75 ಮೈಕ್ರಾನಿನಿಂದ ಕೆಳಗೆ 2 ಮೈಕ್ರಾನ್ ತನಕ. ನೀವೇ ಭಾಗಿಸಿ ನೋಡಿ. ಶೇಡಿಗೆ ಮೈಕ್ರೋಫೈನ್ ಹಾಕುವುದು ಅಂದರೆ ದುಬಾರಿ ಸಿಮೆಂಟನ್ನು ರಂಧ್ರದಲ್ಲಿ ತುಂಬಿಸಿ ಇಡುವುದು, ಅಷ್ಟೇ.

ವಾಟರ್ ಗ್ಲಾಸ್, ಅಂದರೆ ಸೋಡಿಯಂ ಸಿಲಿಕೇಟ್, ಅದರ ಬಗ್ಗೆಯೂ ಎರಡು ಮಾತು. ಇದರಲ್ಲಿ ಕಾಳೇ ಇಲ್ಲ, ಬರೀ ದ್ರವ, ಹಾಗಾಗಿ ಸಣ್ಣ ಮರಳಿನ ತನಕ ಒಳಗೆ ಹೋಗುತ್ತದೆ. 1920ರ ದಶಕದಲ್ಲಿ ಯೋಸ್ಟೆನ್ ಅನ್ನುವ ಎಂಜಿನಿಯರ್ ಮೊದಲು ಸಿಲಿಕೇಟ್ ಬಿಟ್ಟು ಆಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ಬಿಟ್ಟು ಮಣ್ಣೊಳಗೇ ಜೆಲ್ ಮಾಡಿದ, ಅಲ್ಲಿಂದ ಇವತ್ತಿನ ತನಕ ಓಡುತ್ತಿದೆ. ಪಿಯುಗಿಂತ ಎಷ್ಟೋ ಅಗ್ಗ. ನದಿ ಮರಳಿರುವ ಕಡೆ ನಾನು ಪಿಯು ಮುಟ್ಟುವ ಮೊದಲು ಇದನ್ನೇ ನೋಡುತ್ತೇನೆ. ಶೇಡಿಗೆ ಇದೂ ಅರೆಬರೆ. ಅದೂ ಅಲ್ಲದೆ ಈ ಜೆಲ್ ಕಾಲ ಕಳೆದ ಹಾಗೆ ನೀರು ಬಿಟ್ಟು ಕುಗ್ಗುತ್ತದೆ, ಕಾಯಂ ಅಂತ ನಂಬಬಾರದು. ಲೈನಿಂಗ್ (ಸುರಂಗದ ಕಾಯಂ ಕಾಂಕ್ರೀಟ್ ಒಳಗೋಡೆ) ಆಗುವ ತನಕದ ವ್ಯವಸ್ಥೆ ಅಂತ ಇಟ್ಟುಕೊಳ್ಳಿ.

ಮತ್ತೆ ಶೇಡಿಯನ್ನು ಹಿಡಿದು ನಿಲ್ಲಿಸುವುದು ಯಾವುದು? ನನ್ನ ಅಭಿಪ್ರಾಯ ಕೇಳಿದರೆ, ಮೊದಲು ನೀರು ಹೊರಗೆ ತೆಗೆಯಬೇಕು, ಆಮೇಲೆ ಕಬ್ಬಿಣ ಹಾಕಬೇಕು, ಪಿಯು ಆಮೇಲಿನ ಮಾತು. ನೀರು ತೆಗೆಯುವುದಕ್ಕೆ ಏನೂ ಮಹಾ ಖರ್ಚಿಲ್ಲ. ಫೇಸ್‌ನಿಂದ ಮುಂದಕ್ಕೆ ಉದ್ದದ ರಂಧ್ರ ಕೊರೆದು, ತೂತಿರುವ ಪಿವಿಸಿ ಪೈಪಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ ಒಳಗೆ ತಳ್ಳಿ ಬಿಡುವುದು. ಬಟ್ಟೆ ಮರೆತರೆ ನೀರಿನ ಜೊತೆ ಮಣ್ಣೂ ಬರುತ್ತದೆ, ನಾವೇ ಕೈಯಾರೆ ಗುಡ್ಡ ಖಾಲಿ ಮಾಡಿದ ಹಾಗೆ ಆಗುತ್ತದೆ. ಶೇಡಿಯಿಂದ ನೀರು ಬೇಗ ಇಳಿಯುವುದಿಲ್ಲ, ಒಪ್ಪಿದೆ. ಆದರೆ ಅದರ ನಡುವಿನ ಮರಳಿನ ಪಟ್ಟಿ, ಮುರಕಲ್ಲಿನ ತೂತು, ಬಂಡೆ ಸೇರುವ ಗಡಿ ಇವೆಲ್ಲ ನೀರಿನ ದಾರಿಗಳು. ಆ ದಾರಿಗೆ ಪೈಪ್ ಮುಟ್ಟಿದರೆ ಸಾಕು, ಫೇಸ್‌ನ ಮೇಲಿನ ಒತ್ತಡ ಇಳಿಯುತ್ತದೆ.

ಇದು ನಮ್ಮ ಕಡೆಯವರಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾದ ವಿದ್ಯೆ ಅಲ್ಲ. ಕಾಸರಗೋಡು, ಬಂಟ್ವಾಳ, ಪುತ್ತೂರು ಕಡೆ ಗುಡ್ಡದ ಬದಿಗೆ ಅಡ್ಡ ಸುರಂಗ ಕೊರೆದು ತೋಟಕ್ಕೆ ನೀರು ತರುವುದು ಹಳೆಯ ಪದ್ಧತಿ. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಹರಿದು ಬರುತ್ತದೆ. ಅಡ್ಯನಡ್ಕ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದು ಬೋಳು ಗುಡ್ಡವನ್ನು ತೋಟ ಮಾಡಿದರು, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಡ್ರೇನ್ ರಂಧ್ರ ಮಾಡುವ ಕೆಲಸವೂ ಅದೇ, ಒಳಗೆ ಮನುಷ್ಯ ಹೋಗುವುದಿಲ್ಲ ಅಷ್ಟೇ. ದೊಡ್ಡ ಪ್ರಾಜೆಕ್ಟುಗಳಲ್ಲೂ ನೋಡಿ, ಭೂತಾನಿನ ತಾಲಾ ಜಲವಿದ್ಯುತ್ ಯೋಜನೆಯ ಸುರಂಗದಲ್ಲಿ ಕೆಟ್ಟ ಮಣ್ಣು ಸಿಕ್ಕಾಗ ಅನುಸರಿಸಿದ ಕ್ರಮ ಇದೇ: ನೀರು ಬಸಿ, ಬಲಪಡಿಸು, ಕಡಿ, ಆಸರೆ ಕೊಡು. ಬಸಿಯುವುದು ಮೊದಲು. ರೋಹ್ತಾಂಗ್‌ನ ಅಟಲ್ ಸುರಂಗದಲ್ಲಿ ಸೇರಿ ನಾಲಾ ಕೆಳಗಿನ 587 ಮೀಟರ್ ದಾಟುವುದು ಎಲ್ಲಕ್ಕಿಂತ ಕಷ್ಟದ ಭಾಗವಾಗಿತ್ತು. ಇಡೀ ಸುರಂಗ 9 ಕಿಲೋಮೀಟರ್, ಕಾಡಿದ್ದು ಅರ್ಧ ಕಿಲೋಮೀಟರಿನ ಚಿಲ್ಲರೆ. ಕಾರಣ ಮೇಲಿನ ನೀರು.

ಕಬ್ಬಿಣ ಅಂದದ್ದು ಪೈಪ್ ರೂಫ್ ಬಗ್ಗೆ. ಇದಕ್ಕೆ ನಾಲ್ಕೂವರೆ ಸ್ಟಾರ್. 114 ಮಿಲಿಮೀಟರ್ ವ್ಯಾಸದ ಉಕ್ಕಿನ ಪೈಪುಗಳನ್ನು ಸುರಂಗದ ಕಮಾನಿನ ಸುತ್ತ, ಒಂದಡಿಯಿಂದ ಒಂದೂವರೆ ಅಡಿ ಅಂತರದಲ್ಲಿ, ಸ್ವಲ್ಪ ಮೇಲ್ಮುಖವಾಗಿ 12ರಿಂದ 15 ಮೀಟರ್ ಮುಂದಕ್ಕೆ ಕೊರೆದು ಬಿಡುತ್ತಾರೆ. ಪೈಪಿನ ಮೈಯಲ್ಲಿ ತೂತಿರುತ್ತದೆ, ಅದರ ಮೂಲಕ ಗ್ರೌಟ್. ಈ ಛತ್ರಿಯ ಕೆಳಗೆ ಒಂದೊಂದು ಮೀಟರ್, ಕೆಲವೊಮ್ಮೆ ಮುಕ್ಕಾಲು ಮೀಟರ್ ಕಡಿಯುವುದು, ತಕ್ಷಣ ಶಾಟ್‌ಕ್ರೀಟ್, ಲ್ಯಾಟಿಸ್ ಗರ್ಡರ್ (ಕಬ್ಬಿಣದ ಸರಳಿನ ಕಮಾನು), ಮತ್ತೆ ಶಾಟ್‌ಕ್ರೀಟ್. ಪೈಪು ಮುಗಿಯುವ ಮೂರು ನಾಲ್ಕು ಮೀಟರ್ ಮೊದಲೇ ಮುಂದಿನ ಸುತ್ತು ಶುರುವಾಗಬೇಕು. ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಯಾಕೆಂದರೆ ಪೈಪು ಮೇಲ್ಛಾವಣಿ ನೋಡಿಕೊಳ್ಳುತ್ತದೆ, ಎದುರಿನ ಫೇಸ್ ನೋಡಿಕೊಳ್ಳುವುದಿಲ್ಲ. ಫೇಸ್ ಮುಂದಕ್ಕೆ ಬಂದರೆ ಛತ್ರಿ ಹಿಡಿದು ಏನು ಮಾಡುತ್ತೀರಿ? ಅದಕ್ಕೆ ನಡುವೆ ಮಣ್ಣಿನ ಗುಡ್ಡೆ ಬಿಟ್ಟು ಕಡಿಯಬೇಕು, ಫೇಸ್‌ಗೂ ತೆಳ್ಳಗೆ ಶಾಟ್‌ಕ್ರೀಟ್ ಬಳಿಯಬೇಕು. ಗ್ಲಾಸ್ ಫೈಬರ್ ಬೋಲ್ಟ್ ಫೇಸ್‌ಗೆ ಹಾಕುತ್ತಾರೆ, ಒಳ್ಳೆಯ ಉಪಾಯ, ಎಕ್ಸ್‌ಕವೇಟರ್ ಬಕೆಟ್ ತಾಗಿದರೆ ಮುರಿಯುತ್ತದೆ, ಕಬ್ಬಿಣದ ಹಾಗೆ ಅಡ್ಡ ಬರುವುದಿಲ್ಲ. ನಮ್ಮ ಸೈಟಿನ ಬಜೆಟ್‌ನಲ್ಲಿ ಅದು ಇರಲಿಲ್ಲ, ಹಾಗಾಗಿ ಸ್ಟಾರ್ ಕೊಡುವುದಿಲ್ಲ.

ಪೈಪ್ ಕೊರೆಯುವಾಗ ಒಂದು ವಿಷಯ ದಯವಿಟ್ಟು ಗಮನಿಸಿ. ರಂಧ್ರ ಕೊರೆಯುವ ಬೂಮರ್ ಯಂತ್ರದ ಆಪರೇಟರ್‌ಗಳು ಬಂಡೆಯಲ್ಲಿ ಕೊರೆದು ಅಭ್ಯಾಸ ಆದವರು, ಬಿಟ್ ತಂಪಾಗಿಸಲು ನೀರು ಬಿಟ್ಟುಕೊಂಡೇ ಕೊರೆಯುತ್ತಾರೆ. ಶೇಡಿಯಲ್ಲಿ ಅದು ನಡೆಯುವುದಿಲ್ಲ. ಲೋಟದ ಪ್ರಯೋಗವನ್ನು ಪ್ರತಿ ರಂಧ್ರದಲ್ಲೂ ಮಾಡಿದ ಹಾಗೆ. ಗಾಳಿಯಲ್ಲಿ ಕೊರೆಯಬೇಕು, ಧೂಳು ಬರುತ್ತದೆ, ಗೊಣಗುತ್ತಾರೆ, ಮಾಸ್ಕ್ ಕೊಟ್ಟು ಸುಮ್ಮನಿರಿಸಬೇಕು. ಸ್ವಯಂ ಕೊರೆಯುವ ಆರ್32 ಆಂಕರ್‌ಗಳಲ್ಲಿ, ಎಸ್‌ಡಿಎ ಅನ್ನುತ್ತೇವಲ್ಲ ಅದರಲ್ಲಿ, ಕೊರೆಯುತ್ತಲೇ ಸಿಮೆಂಟ್ ಹಾಲು ಬಿಡಬಹುದು. ರಂಧ್ರ ಕುಸಿಯುವ ಮಣ್ಣಲ್ಲಿ ಅದು ದೇವರು ಕೊಟ್ಟ ವರ. ಬೇರೇನೂ ಇಲ್ಲದಿದ್ದರೂ ಅದೊಂದು ಸ್ಟೋರ್‌ನಲ್ಲಿ ಇರಲೇಬೇಕು.

ಇನ್ನು ಬಾಡಿಗೆ ತಂಡದ ವಿಷಯ. ಇಲ್ಲಿ ನನಗೆ ಸಿಟ್ಟಿದೆ, ಕಂಪನಿ ಹೆಸರು ಮಾತ್ರ ಹೇಳುವುದಿಲ್ಲ. ಪಂಪು, ಹೋಸ್, ಇಬ್ಬರು ಆಪರೇಟರ್, ಒಬ್ಬ ಸೂಪರ್‌ವೈಸರ್, ಜೊತೆಗೆ ಮಾಲು. ಹುಡುಗರು ಕೆಲಸದಲ್ಲಿ ಚುರುಕು, ಅವರ ಮೇಲೆ ಒಂದು ಮಾತೂ ಇಲ್ಲ. ತಪ್ಪಿದ್ದದ್ದು ಒಪ್ಪಂದದಲ್ಲಿ. ಹಣ ಕಿಲೋ ಲೆಕ್ಕದಲ್ಲಿ, ಅಂದರೆ ಎಷ್ಟು ಪಂಪ್ ಮಾಡುತ್ತಾರೋ ಅಷ್ಟು ಬಿಲ್. ಹೀಗಿದ್ದಾಗ ಪಂಪ್ ನಿಲ್ಲಿಸುವ ಆಸೆ ಯಾರಿಗಿರುತ್ತದೆ ಹೇಳಿ? ಒಂದು ರಂಧ್ರದಲ್ಲಿ ಒತ್ತಡ ಏರುತ್ತಲೇ ಇಲ್ಲ, ಗೇಜಿನ ಮುಳ್ಳು ಮಲಗಿದೆ, ಡ್ರಮ್ ಮೇಲೆ ಡ್ರಮ್ ಖಾಲಿಯಾಗುತ್ತಿದೆ, ಸೂಪರ್‌ವೈಸರ್ ಮಾತ್ರ ಮಣ್ಣು ಚೆನ್ನಾಗಿ ಕುಡೀತಾ ಇದೆ ಸಾರ್ ಅನ್ನುತ್ತಾನೆ. ಮಣ್ಣು ಕುಡಿದಿರಲಿಲ್ಲ. ಹೊರಗೆ ಗುಡ್ಡದ ಇಳಿಜಾರಿನಲ್ಲಿ, ಪೋರ್ಟಲ್‌ನ (ಸುರಂಗದ ಬಾಯಿಯ) ಪಕ್ಕದ ಪೊದೆಯಲ್ಲಿ, ಹಳದಿ ನೊರೆ ಹೂಕೋಸಿನ ಗಾತ್ರಕ್ಕೆ ಅರಳಿ ಕೂತಿತ್ತು. ದನ ಮೇಯಿಸುವ ಹುಡುಗ ಬಂದು ಹೇಳಿದ. ಆ ನೊರೆಗೂ ಬಿಲ್ ಬಂತು.

ಇದಕ್ಕೆ ಮದ್ದು ಸುಲಭ. ವರ್ಕ್ ಆರ್ಡರ್‌ನಲ್ಲೇ ಬರೆಸಿಕೊಳ್ಳಿ: ಒಂದು ರಂಧ್ರಕ್ಕೆ ಹೆಚ್ಚೆಂದರೆ ಇಷ್ಟು ಕಿಲೋ, ಅಥವಾ ಇಷ್ಟು ಒತ್ತಡ, ಯಾವುದು ಮೊದಲು ಬರುತ್ತದೋ ಅಲ್ಲಿಗೆ ನಿಲ್ಲಿಸಬೇಕು. ನಿಲ್ಲಿಸಿ, ಕಾದು, ಪಕ್ಕದ ರಂಧ್ರಕ್ಕೆ ಹೋಗಬೇಕು. ಮುಂದುವರಿಸಬೇಕಾದರೆ ನಮ್ಮ ಎಂಜಿನಿಯರ್ ಸಹಿ ಬೇಕು. ಪ್ಯಾಕರ್‌ಗೆ ಹಿಂದಕ್ಕೆ ಬಾರದ ಹಾಗೆ ವಾಲ್ವ್ ಇದೆಯಾ ಅಂತ ಗಾಡಿಯಿಂದ ಇಳಿಸುವಾಗಲೇ ನೋಡಿ. ನಮ್ಮಲ್ಲಿ ಬಂದವರು ಅರ್ಧಕ್ಕರ್ಧ ವಾಲ್ವ್ ಇಲ್ಲದ್ದು ತಂದಿದ್ದರು, ಹೋಸ್ ಬಿಚ್ಚಿದ ಕೂಡಲೇ ಮಾಲು ವಾಪಸ್ ಮುಖಕ್ಕೆ. ಅಳತೆ ಪರೀಕ್ಷೆಯೂ ಅಷ್ಟೇ, ಮಿಕ್ಸರ್ ಬಿಚ್ಚಿ ಎರಡು ಹೋಸನ್ನೂ ಎರಡು ಜಗ್ಗಿಗೆ ಹಿಡಿದು ಹತ್ತಿಪ್ಪತ್ತು ಸ್ಟ್ರೋಕ್ ಹೊಡೆಸಿ. ಎರಡೂ ಜಗ್ಗಿನ ಮಟ್ಟ ಒಂದೇ ಇರಬೇಕು. ಇಲ್ಲದಿದ್ದರೆ ಪಂಪ್ ರಿಪೇರಿ ಆಗುವ ತನಕ ಒಳಗೆ ಬಿಡಬೇಡಿ. ಈ ತಂಡಕ್ಕೆ ಎರಡು ಸ್ಟಾರ್, ಹುಡುಗರಿಗಾಗಿ.

ಬಾವಿಯ ವಿಷಯ ಯಾರೂ ಕೇಳುವುದಿಲ್ಲ, ಆದರೆ ಕರಾವಳಿಯಲ್ಲಿ ಮೊದಲು ಕೇಳಬೇಕಾದದ್ದು ಅದೇ. ಮನೆಗೊಂದು ಬಾವಿ ಇರುವ ಊರು ನಮ್ಮದು. ಮಣ್ಣೊಳಗೆ ಬಿಟ್ಟ ರಸಾಯನ ಎಲ್ಲಿ ಹೋಗುತ್ತದೆ ಅಂತ ಊರವರು ಕೇಳಿದರೆ ಉತ್ತರ ಇರಬೇಕು. 1974ರಲ್ಲಿ ಜಪಾನಿನ ಫುಕುವೊಕದಲ್ಲಿ ಅಕ್ರಿಲಮೈಡ್ ಗ್ರೌಟ್ ಬಾವಿಗೆ ಸೇರಿ ಆ ನೀರು ಕುಡಿದವರಿಗೆ ನರದ ತೊಂದರೆ ಬಂತು. ಜಪಾನ್ ಸರ್ಕಾರ ಆಮೇಲೆ ಗ್ರೌಟ್ ರಸಾಯನಗಳ ಮೇಲೆ ಬಿಗಿ ನಿಯಮ ತಂದು, ವಾಟರ್ ಗ್ಲಾಸ್ ಜಾತಿಯದ್ದನ್ನು ಮಾತ್ರ ಬಳಸಲು ಬಿಟ್ಟಿತು. ಅದಾದ ಎರಡು ದಶಕದ ಮೇಲೆ, 1997ರಲ್ಲಿ, ಸ್ವೀಡನ್ನಿನ ಹಾಲಂಡ್ಸೋಸ್ ರೈಲು ಸುರಂಗದಲ್ಲಿ ರೋಕಾ-ಗಿಲ್ ಅನ್ನುವ ಅಕ್ರಿಲಮೈಡ್ ಮಾಲು ಹಾಕಿ ಮತ್ತೆ ಅದೇ ಆಯಿತು. ತೊರೆಯ ಮೀನು ಸತ್ತವು, ನೀರು ಕುಡಿದ ಹಸುಗಳು ಕಾಲು ಸೋತು ಬಿದ್ದವು, ಕೆಲಸಗಾರರಿಗೂ ನರದ ತೊಂದರೆ ಆಯಿತು, ಕೆಲಸ ನಿಂತಿತು. 1992ರಲ್ಲಿ ಶುರುವಾದ ಆ ಸುರಂಗದಲ್ಲಿ ರೈಲು ಓಡಿದ್ದು 2015ರ ಡಿಸೆಂಬರಿನಲ್ಲಿ. ಪಿಯು ಆ ಜಾತಿಯದ್ದಲ್ಲ. ಸರಿಯಾಗಿ ಬೆರೆತು ಗಟ್ಟಿಯಾದ ಮೇಲೆ ಸುಮ್ಮನೆ ಬಿದ್ದಿರುವ ಪ್ಲಾಸ್ಟಿಕ್ಕು. ಅಳತೆ ತಪ್ಪಿ ಅರ್ಧಂಬರ್ಧ ಬೆರೆತದ್ದರ ಬಗ್ಗೆ ಮಾತ್ರ ನಾನು ಗ್ಯಾರಂಟಿ ಕೊಡುವುದಿಲ್ಲ. ಜಗ್ಗಿನ ಪರೀಕ್ಷೆ ಬಾವಿಗೂ ಒಳ್ಳೆಯದು.

ಬೆಂಗಳೂರು ಮೆಟ್ರೊದಲ್ಲಿ ಕೆಲಸ ಮಾಡುವ ಗೆಳೆಯರು ನಮಗೆ ಇದು ಬೇಕಾ ಅಂತ ಕೇಳಿದ್ದರು. ಅಲ್ಲಿ ಟಿಬಿಎಂ (ಸುರಂಗ ಕೊರೆಯುವ ದೊಡ್ಡ ಮಶೀನು) ಇರುವುದರಿಂದ ಲೆಕ್ಕ ಬೇರೆ, ಮಶೀನೇ ಫೇಸ್ ಒತ್ತಿ ಹಿಡಿದಿರುತ್ತದೆ. ಅಲ್ಲಿನ ಕಷ್ಟ ಅರ್ಧ ಮಣ್ಣು ಅರ್ಧ ಬಂಡೆ ಇರುವ ಜಾಗ, ಮತ್ತೆ ಹಳೆಯ ಬಾವಿಗಳು. 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆ ಹತ್ತಿರ ರಸ್ತೆ ಕುಸಿದದ್ದು ಮೆಟ್ರೊ ಸುರಂಗದ ಮೇಲೇ. ಟಿಬಿಎಂ ಕೆಲಸದಲ್ಲಿ ನಿಜವಾದ ಪರೀಕ್ಷೆ ಎರಡು ಸುರಂಗದ ನಡುವಿನ ಅಡ್ಡ ದಾರಿ ಕಡಿಯುವಾಗ, ಅಲ್ಲಿ ಮಶೀನಿನ ರಕ್ಷಣೆ ಇಲ್ಲ, ಕೈಯಲ್ಲೇ ಕಡಿಯಬೇಕು. ಕೋಲ್ಕತ್ತದ ಬೌಬಜಾರ್ ನೋಡಿ. 2019ರ ಆಗಸ್ಟ್ 31ರಂದು ಟಿಬಿಎಂ ನೀರಿನ ಪದರ ಮುಟ್ಟಿ ಮೇಲಿನ ಮನೆಗಳು ಬಿರುಕು ಬಿಟ್ಟವು, ಕೆಲವು ಬಿದ್ದವು. 2022ರಲ್ಲಿ ಮೇ, ಅಕ್ಟೋಬರ್ ಎರಡು ಸಲ ಮತ್ತೆ ನೀರು ಬಂತು, ಅಕ್ಟೋಬರಿನದ್ದು ಅಡ್ಡ ದಾರಿಯ ಕೆಲಸದಲ್ಲಿ. ಅಂಥ ಮರಳು ಸೇರಿದ ಹೂಳು ಮಣ್ಣಲ್ಲಿ, ಮೇಲೆ ಜನ ಮಲಗಿರುವ ಜಾಗದಲ್ಲಿ, ಪಂಪು ಮತ್ತು ಮಾಲು ಮೊದಲೇ ಒಳಗೆ ರೆಡಿ ಇರಬೇಕು. ನೀರು ಬಂದ ಮೇಲೆ ಗಾಡಿ ಕರೆಸಿ, ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಆಗುವುದೆಲ್ಲ ಆಗಿರುತ್ತದೆ. ಅವರಿಗೆ ನನ್ನ ಸಲಹೆ, ತಗೊಳ್ಳಿ.

ಬಳಸುವಾಗಿನ ತಾಪತ್ರಯ ಕೆಲವು ಇವೆ. ದೊಡ್ಡ ಖಾಲಿ ಜಾಗ ತುಂಬಿಸಲು ಇದನ್ನು ಬಳಸಬೇಡಿ. ಗಟ್ಟಿಯಾಗುವಾಗ ಒಳಗೆ ಶಾಖ ಏರುತ್ತದೆ, ಒಂದೇ ಕಡೆ ಜಾಸ್ತಿ ಸೇರಿದರೆ ನಡುವೆ ನೂರು ಡಿಗ್ರಿ ದಾಟುತ್ತದೆ, ಹೊಗೆ ಬರುತ್ತದೆ, ಬೆಂಕಿಯ ಅಪಾಯವೂ ಇದೆ. ಖಾಲಿ ಜಾಗಕ್ಕೆ ಪೈಪ್ ಬಿಟ್ಟು ಕಾಂಕ್ರೀಟ್ ತುಂಬಿಸಿ. ಬಿ ಡ್ರಮ್ಮಿನ ಆವಿ ಶ್ವಾಸಕ್ಕೆ ಕೆಟ್ಟದ್ದು, ಒಮ್ಮೆ ಅಲರ್ಜಿ ಹಿಡಿದರೆ ಆಮೇಲೆ ಸ್ವಲ್ಪ ತಾಗಿದರೂ ಉಬ್ಬಸ. ಬಟ್ಟೆ ಮಾಸ್ಕ್ ಪ್ರಯೋಜನವಿಲ್ಲ, ಕಾರ್ಬನ್ ಕಾರ್ಟ್ರಿಜ್ ಇರುವುದೇ ಬೇಕು, ಕನ್ನಡಕ ಬೇಕು, ಬ್ಲೋವರ್ ಓಡುತ್ತಿರಬೇಕು. ಕೈಗೆ ಅಂಟಿದರೆ ಚರ್ಮ ಸುಲಿಯುವ ತನಕ ಹೋಗುವುದಿಲ್ಲ, ನಮ್ಮ ಆಪರೇಟರ್‌ಗಳ ಬೆರಳು ನೋಡಿದರೆ ಗೊತ್ತಾಗುತ್ತದೆ. ಕೆಲಸ ನಿಂತ ಕೂಡಲೇ ಪಂಪನ್ನು ಫ್ಲಶಿಂಗ್ ಎಣ್ಣೆಯಲ್ಲಿ ತೊಳೆಯದಿದ್ದರೆ ಮರುದಿನ ಅದು ಗುಜರಿ. ಮಿಕ್ಸರ್ ನಳಿಕೆಗಳನ್ನು ಒಂದು ಸಲ ಬಳಸಿ ಎಸೆಯುವ ಲೆಕ್ಕ ಹಾಕಿಕೊಂಡು ಜಾಸ್ತಿ ತರಿಸಿ.

ನಮ್ಮ ಮಳೆಗಾಲದಲ್ಲಿ ಇದನ್ನು ಇಡುವುದೇ ಒಂದು ಕೆಲಸ. ಬಿ ಡ್ರಮ್ಮಿಗೆ ಗಾಳಿಯ ತೇವ ತಾಗಿದರೆ ಸಾಕು, ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಗ್ಯಾಸ್ ಹುಟ್ಟಿ ಡ್ರಮ್ಮಿನ ಮುಚ್ಚಳ ಉಬ್ಬುತ್ತದೆ. ಉಬ್ಬಿದ ಡ್ರಮ್ಮನ್ನು ಬಳಸಬೇಡಿ, ಬಿಗಿಯಾಗಿ ಮುಚ್ಚಿಡಲೂ ಬೇಡಿ. ಶೆಡ್ಡಿನಲ್ಲಿ ನೆಲದಿಂದ ಮೇಲೆ ಹಲಗೆ ಹಾಕಿ ಇಡಿ, ಎಕ್ಸ್‌ಪೈರಿ ತಾರೀಖು ನೋಡಿ ಹಳೆಯದನ್ನು ಮೊದಲು ತೆಗೆಯಿರಿ. ಜೂನ್‌ನಲ್ಲಿ ಒಂದೇ ಸಲ ಲಾರಿ ಲೋಡ್ ತರಿಸುವುದಕ್ಕಿಂತ ಸ್ವಲ್ಪ ಸ್ವಲ್ಪ ತರಿಸಿಕೊಳ್ಳುವುದು ವಾಸಿ, ಸಪ್ಲೈಯರ್ ಸಾಗಣೆ ಖರ್ಚು ಜಾಸ್ತಿ ಆಗುತ್ತದೆ ಅಂತ ಗೊಣಗುತ್ತಾರೆ, ಗೊಣಗಲಿ.

ಖಾಲಿ ಡ್ರಮ್ಮಿಗೆ ಊರಲ್ಲಿ ಬಹಳ ಬೇಡಿಕೆ. ನೀರು ತುಂಬಿಸಿಡಲು, ದನಕ್ಕೆ ಅಕ್ಕಚ್ಚು ಹಾಕಲು ಕೊಡಿ ಅಂತ ಗೇಟಿನ ಹತ್ತಿರ ಬಂದು ಕೇಳುತ್ತಾರೆ, ಸೆಕ್ಯುರಿಟಿಯವರು ಪಾಪ ಅಂತ ಕೊಟ್ಟೂ ಬಿಡುತ್ತಾರೆ. ಕೊಡಬೇಡಿ. ತೊಳೆದರೂ ಬಿ ಡ್ರಮ್ ಶುದ್ಧ ಆಗುವುದಿಲ್ಲ. ತಳಕ್ಕೆ ಎರಡು ತೂತು ಹೊಡೆಸಿ, ಲೆಕ್ಕ ಬರೆದು, ಸಪ್ಲೈಯರ್‌ಗೇ ವಾಪಸ್ ಕಳಿಸಿ. ವಾಪಸ್ ತಗೊಳ್ಳುವುದಿಲ್ಲ ಅನ್ನುವ ಸಪ್ಲೈಯರ್ ಆದರೆ ಆರ್ಡರ್ ಕೊಡುವ ಮೊದಲೇ ಬೇರೆಯವರನ್ನು ನೋಡಿಕೊಳ್ಳಿ.